ಗೋಡೆಗೆ ಬೆಲ್ಲ, ಮೋರೆಗೆ ಅರಿಶಿನ

"ಹೊಸದಾಗಿ ಒಂದೇ ಒಂದು ಮೊಳೆ ಕೊಳ್ಳದೇ ಇಡೀ ಹೋಟೆಲ್ ಸಿಂಗಾರ ಮಾಡಿ ತೋರಸ್ತೀನಿ!"

ಹೀಗೆಂದು ನಾನು, ಅಂದರೆ ಈರಬಸಪ್ಪ, ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜು ಗುದ್ದಿ ಘೋಷಿಸಿದೆ. ಇಪ್ಪತ್ತೆರಡು ವರ್ಷ ಒಂದು ಶೋರೂಮಿನಲ್ಲಿ ಪ್ಲೈವುಡ್ಡು, ಲ್ಯಾಮಿನೇಟು ಮಾರಿದವನು ನಾನು. ಆ ಪಾಪವನ್ನೆಲ್ಲ ತೊಳೆದುಕೊಳ್ಳಲು ಮೂರು ತಿಂಗಳ ಆನ್‌ಲೈನ್ ಕೋರ್ಸು ಮಾಡಿದೆ, ನೌಕರಿಗೆ ರಾಜೀನಾಮೆ ಒಗೆದೆ, 'ಸುಸ್ಥಿರ ಒಳಾಂಗಣ ವಿನ್ಯಾಸಕ' ಎಂದು ಕಾರ್ಡು ಹೊಡೆಸಿದೆ.

ನನ್ನ ಹೆಂಡತಿ ಮಾಧುರಿ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಮನೆಯಲ್ಲಿ ನನ್ನನ್ನು ಪರೀಕ್ಷಿಸುತ್ತಾಳೆ.

"ಸುಸ್ಥಿರ ಅಂದ್ರ ಏನ್ರಿ?"

"ಭಾಳ ವರ್ಷ ಗಟ್ಟಿ ನಿಲ್ಲೋದು."

"ಇಪ್ಪತ್ತೆರಡು ವರ್ಷ ಒಂದ ನೌಕರಿಯೊಳಗ ಸ್ಥಿರ ಇದ್ರಿ. ಮುಂದ ಒಂದು 'ಸು' ಹಚ್ಚಿದ್ದ ತಡ, ನೌಕರೀನ ಹೋತಲ್ರಿ!"

ಮಹಾಪುರುಷರು ಇಂಥ ಮಾತಿಗೆ ಕುಗ್ಗುವುದಿಲ್ಲ. ಕಾರ್ಡನ್ನು ಅವಳ ಕೈಯಿಂದ ಕಿತ್ತು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟೆ.

ನನ್ನ ಮೊದಲ ಮತ್ತು ಏಕೈಕ ಗಿರಾಕಿ ಸ್ನೇಹಲ್. ಜೇಜುರಿ ರಸ್ತೆಯ ಪಕ್ಕದ ಹಳ್ಳಿಯೊಂದರಲ್ಲಿ ಆಕೆಯ ಮುತ್ತಜ್ಜ ಕಟ್ಟಿಸಿದ ಹಳೆಯ ವಾಡೆಯಿದೆ. ತೇಗದ ಕಂಬ, ಕಲ್ಲಿನ ಅಂಗಳ, ಆನೆ ನುಗ್ಗುವಂಥ ಬಾಗಿಲು. ಅದನ್ನು ರಿಪೇರಿ ಮಾಡಿಸಿ ಹನ್ನೆರಡು ಕೋಣೆಗಳ ಹೋಟೆಲು ಮಾಡುವುದು ಆಕೆಯ ಕನಸು. ಆದರೆ ಒಂದು ಷರತ್ತು: 'ಹಸಿರು ಹೋಟೆಲು' ಎಂಬ ಪ್ರಮಾಣಪತ್ರ ಸಿಗಲೇಬೇಕು. ಅದಿಲ್ಲದೆ ಪ್ರವಾಸಿ ಕಂಪನಿಗಳು ಒಬ್ಬ ಅತಿಥಿಯನ್ನೂ ಕಳಿಸುವುದಿಲ್ಲವಂತೆ. ಅದನ್ನು ಕೊಡುವ ಪರೀಕ್ಷಕಿ ಎರಡು ತಿಂಗಳ ನಂತರದ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುವುದೆಂದು ಗೊತ್ತಾಗಿತ್ತು. ಪ್ರಮಾಣಪತ್ರ ತಪ್ಪಿದರೆ ಸ್ನೇಹಲ್‌ಗೆ ಹೋಟೆಲಿಲ್ಲ, ನನಗೆ ಎರಡನೆಯ ಗಿರಾಕಿಯಿಲ್ಲ!

ಕೆಲಸ ಮಾತ್ರ ಚೆನ್ನಾಗಿಯೇ ನಡೆದಿತ್ತು. ಮುರಿದ ಕದಗಳು ಊಟದ ಮೇಜುಗಳಾದವು. ಹಳ್ಳಿಯ ಹೆಂಗಸರು ಹಳೆಯ ಸೀರೆಗಳಿಂದ ಕೌದಿ ಹೊಲಿದರು. ಅಟ್ಟದಲ್ಲಿದ್ದ ತಾಮ್ರದ ಹಂಡೆಗಳು ಕೈತೊಳೆಯುವ ಬೇಸಿನ್ನುಗಳಾದವು. ಗೋಡೆಗಳ ಹೊಣೆ ಗೌಂಡಿ ಹುಸೇನಪ್ಪನದು. ಯಾದಗಿರಿ ಕಡೆಯ ಈ ಮನುಷ್ಯ ಪುಣೆಯಲ್ಲಿ ಮೂವತ್ತು ವರ್ಷ ಸಿಮೆಂಟು ಬಳಿದವನು. ಆದರೂ ತನ್ನ ಅಜ್ಜ ಕಲಿಸಿದ ಗಾರೆ ಕೆಲಸವನ್ನು ಮರೆತಿರಲಿಲ್ಲ. ಸುಣ್ಣ, ಮರಳು, ಮೆಂತ್ಯದ ನೀರು, ಚೂರು ಬೆಲ್ಲ; ಅವನು ತೀಡಿದ ಗೋಡೆಗೆ ಕೆನ್ನೆ ಒತ್ತಿ ಮಲಗೋಣ ಅನಿಸುತ್ತಿತ್ತು.

ಹನ್ನೆರಡೂ ಕೋಣೆ ಮುಗಿದು, ಉಳಿದದ್ದು ದೊಡ್ಡ ಬಾಗಿಲಿನ ಎದುರಿಗೇ ಕಾಣುವ ಪಡಸಾಲೆಯ ಗೋಡೆ. ಅದನ್ನು ನೋಡಿದಾಗ ನನ್ನೊಳಗಿನ ಕಲಾವಿದ ಮೈಮುರಿದೆದ್ದ.

"ಹುಸೇನಪ್ಪ, ಈ ಗ್ವಾಡಿ ನಾನ ಮಾಡ್ತೀನಿ. ಬೆಲ್ಲ ಯಾಕ ಹಾಕ್ತೀ ನೀ?"

"ಗಾರೆ ಗಟ್ಟಿ ಹಿಡೀಲಿಕ್ರಿ. ಬುಟ್ಟಿಗೆ ಒಂದ ಹಿಡಿ."

"ಒಂದ ಹಿಡಿಗೆ ನೂರು ವರ್ಷ ಗಟ್ಟಿ ನಿಂತ್ರ, ಹತ್ತ ಹಿಡಿಗೆ ಸಾವಿರ ವರ್ಷ ನಿಲ್ತದ. ಸಾದಾ ಲೆಕ್ಕ!"

ದೌಂಡದ ಕಬ್ಬಿನ ಸೀಮೆಗೆ ಸ್ವತಃ ಹೋಗಿ, ಒಂದು ಆಲೆಮನೆಯಿಂದ ಬಿಸಿ ಆರದ ಬೆಲ್ಲದ ಪೆಂಟೆಗಳನ್ನು ಹೇರಿಕೊಂಡು ಬಂದೆ. ಪ್ಯಾಂಟು ಮಡಚಿ, ಸಲಿಕೆ ಹಿಡಿದು, ಕಲಸಿದೆ. ಹುಸೇನಪ್ಪ ಬಾಗಿಲಲ್ಲಿ ಇಣುಕಿದ.

"ಸಾಹೇಬ್ರ, ಗ್ವಾಡಿ ಕಟ್ಟಲಿಕತ್ತೀರೋ, ಹೋಳಿಗಿಗೆ ಹೂರಣ ಮಾಡ್ಲಿಕತ್ತೀರೋ?"

"ನೀ ಹೋಗಿ ಕೋಣಿ ಕಸಾ ಹೊಡಿ!" ಎಂದು ಗದರಿದೆ. ಅವನು ಹೋದ. ವಿವೇಕವೂ ಅವನ ಹಿಂದೆಯೇ ಹೋಯಿತು.

ನಾನು ಬಳಿದ ಗೋಡೆ ಮೊದಲ ದಿನ ಹೊಳೆಯಿತು. ಎರಡನೆಯ ದಿನವೂ ಹೊಳೆಯಿತು. ಮೂರನೆಯ ದಿನವೂ ಹೊಳೆಯುತ್ತಲೇ ಇತ್ತು, ಏಕೆಂದರೆ ಒಣಗಿರಲಿಲ್ಲ! ಬೆರಳಿಟ್ಟರೆ ಅಂಟು. ಕೈಯಿಟ್ಟರೆ ಕೈಯನ್ನು ವಾಪಸು ಕೇಳಿ ಪಡೆಯಬೇಕು. ಸ್ನೇಹಲ್‌ಳ ರೇಷ್ಮೆ ದುಪಟ್ಟಾ ಒಮ್ಮೆ ಗಾಳಿಗೆ ಹಾರಿ ಅದಕ್ಕೆ ತಗುಲಿತು. ಅರ್ಧ ಮಾತ್ರ ಹಿಂದಿರುಗಿತು.

ಶನಿವಾರ ಬೆಳಿಗ್ಗೆ ಇರುವೆಗಳು ಬಂದವು. ಮೊದಲು ಒಂದು ಸಾಲು. ಊಟದ ಹೊತ್ತಿಗೆ ಸೈನ್ಯ. ಕೆಂಪಿರುವೆ, ಕಪ್ಪಿರುವೆ, ಕಟ್ಟಿರುವೆ, ಎಲ್ಲವೂ ತಮ್ಮ ಹಳೇ ಜಗಳ ಮರೆತು ನನ್ನ ಗೋಡೆಯ ಮೇಲೆ ಒಂದಾಗಿದ್ದವು. ಕೆಳಗಡೆ ನಿಂತು ನೋಡಿದರೆ ಇಡೀ ಗೋಡೆ ನಿಧಾನಕ್ಕೆ ನಡೆಯುತ್ತಿರುವಂತೆ ಕಾಣುತ್ತಿತ್ತು.

"ಈರಬಸಪ್ಪಾಜಿ, ಹೇ ಕಾಯ್ ಆಹೇ?" ಸ್ನೇಹಲ್‌ಳ ದನಿ ನಡುಗಿತು. ಇದೇನು ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು ಪಾಪ.

"ಜೀವವೈವಿಧ್ಯ!" ಎಂದೆ. ಕೋರ್ಸಿನಲ್ಲಿ ಕಲಿತ ಪದ ಅಂದೇ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಆಕೆಯ ಮುಖ ನೋಡಿದರೆ ಉಪಯೋಗಕ್ಕೆ ಬಂದಂತೆ ಕಾಣಲಿಲ್ಲ. ಕಣ್ಣಲ್ಲಿ ನೀರಿತ್ತು. ಮುತ್ತಜ್ಜನ ಪಡಸಾಲೆ ಅದು. ನಾನು ಮೊದಲ ಸಲ ಸೋಲೊಪ್ಪಿ ಮಾಧುರಿಗೆ ಫೋನು ಮಾಡಿದೆ.

ಔಷಧಿ ಸಿಂಪಡಿಸೋಣವೆಂದರೆ ಹಸಿರು ಹೋಟೆಲಿನಲ್ಲಿ ಅದು ಮಹಾಪರಾಧ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮಾಧುರಿ ಬಂದಳು. ಗೋಡೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಗೋಡೆಯನ್ನೇ ನೋಡಿದಳು, ಅದೇ ವಾಸಿ ಎಂಬಂತೆ.

"ಬುಡಕ್ಕ ಒಂದ ಗೆರಿ ಅರಿಶಿನ ಎಳೀರಿ. ಇರಿವಿ ದಾಟೂದಿಲ್ಲ. ಒಂದ ಗೆರಿ, ಕೇಳಿದ್ರ್ಯಾ? ಪ್ರಮಾಣ ಮೀರಬ್ಯಾಡ್ರಿ!"

ಅಷ್ಟು ಹೇಳಿ ಚಹಾ ಕುಡಿಯಲು ಒಳಗೆ ಹೋದಳು. ಒಂದು ಗೆರೆ! ಎರಡು ಆಳೆತ್ತರದ ಗೋಡೆಗೆ ಒಂದು ಗೆರೆಯೇ? ಜೇಜುರಿಯ ದೇವರು ಖಂಡೋಬನಿಗೆ ಎರಚುವ ಭಂಡಾರ, ಅಂದರೆ ಅರಿಶಿನದ ಪುಡಿ, ಅಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಮೋಟರುಬೈಕಿನಲ್ಲಿ ಹೋಗಿ ಎರಡು ಮೂಟೆ ತಂದೆ. ಬೊಗಸೆಯಲ್ಲಿ ಎರಚಿದರೆ ಮೇಲಿನವರೆಗೆ ಹೋಗಲಿಲ್ಲ. ಕೂಡಲೇ ನನ್ನ ಮೆದುಳು ಮಿಂಚಿತು. ಎತ್ತರದ ಸ್ಟ್ಯಾಂಡು ಫ್ಯಾನು ತಂದು ಗೋಡೆಯೆದುರು ನಿಲ್ಲಿಸಿ, ಪೂರ್ತಿ ಜೋರು ಮಾಡಿ, ಅದರ ಮುಂದೆ ಒಂದಿಡೀ ಮೂಟೆ ಸುರಿದೆ.

ಭೇಷ್! ಬೆಲ್ಲದ ಗೋಡೆ ಭಂಡಾರವನ್ನು ತಾಯಿ ಮಗುವನ್ನು ಅಪ್ಪಿದಂತೆ ಅಪ್ಪಿತು. ಬಂಗಾರದ ಗೋಡೆ! ಕುಣಿದಾಡುತ್ತಲೇ ಎರಡನೆಯ ಮೂಟೆ ಸುರಿದೆ. ಆದರೆ ಆ ಫ್ಯಾನಿಗೆ ಅತ್ತ ಇತ್ತ ತಿರುಗುವ ಗುಣವಿದೆಯೆಂಬುದು ಆಗ ಅದಕ್ಕೆ ನೆನಪಾಯಿತು. ತಿರುಗಿತು. ನನ್ನ ಕಡೆಗೆ.

ಕಣ್ಣು ಬಿಟ್ಟಾಗ ಕಂಬ ಹಳದಿ, ಕೌದಿ ಹಳದಿ, ಅಂಗಳ ಹಳದಿ. ನಾನು ಅಡಿಯಿಂದ ಮುಡಿಯವರೆಗೆ ಮದುವೆಯ ಹಿಂದಿನ ದಿನದ ಮದುಮಗ! ಇರುವೆಗಳು? ಅವೂ ಹಳದಿಯಾಗಿ, ಹೊಸ ಬಟ್ಟೆ ತೊಟ್ಟವರಂತೆ ಇನ್ನೂ ಠೀವಿಯಿಂದ ಓಡಾಡುತ್ತಿದ್ದವು.

ಅಷ್ಟರಲ್ಲಿ ರಸ್ತೆಯಿಂದ ಖಂಡೋಬನ ಜಯಘೋಷ ಕೇಳಿಸಿತು.

"ಏಳುಕೋಟಿ, ಏಳುಕೋಟಿ, ಏಳುಕೋಟಿಗೋ!"

ಬಾಗಲಕೋಟೆಯ ಕಡೆಯಿಂದ ಜೇಜುರಿಗೆ ನಡೆದು ಹೊರಟಿದ್ದ ಭಕ್ತರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸುಮಾರು ಮೂವತ್ತು ಮಂದಿ. ತೆರೆದ ದೊಡ್ಡ ಬಾಗಿಲೊಳಗೆ ಬಂಗಾರದ ಗೋಡೆ, ಅದರ ಮುಂದೆ ಹಳದಿಯಾಗಿ ನಿಂತ ನಾನು! ಮುಂದಿದ್ದ ಮುದುಕಿ ಒಂದು ಕ್ಷಣ ನಿಂತಳು, ಕೈಮುಗಿದಳು, ಸೀದಾ ಒಳಗೆ ಬಂದಳು. ಹಿಂದೆ ಮೂವತ್ತೂ ಜನ. ಕಂಬಳಿ ಹಾಸಿದರು, ಕಾಲು ಚಾಚಿದರು, ಬುತ್ತಿ ಬಿಚ್ಚಿದರು. ಪಡಸಾಲೆಯ ತುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಘಮಘಮ. ಒಬ್ಬಾತ ಗೋಡೆಗೆ ಕುಂಕುಮ ಹಚ್ಚಲು ಹೋದ; ಬೆರಳು ಅಂಟಿತು. "ದೇವರು ಬಿಡವೊಲ್ಲ ನೋಡ್ರಿ!" ಎಂದು ಆನಂದದಿಂದ ಕೂಗಿದ.

ಎರಡನೆಯ ಚಹಾದ ಕಪ್ಪು ಹಿಡಿದು ಹೊರಬಂದ ಮಾಧುರಿ, "ರೀ... ಒಂದ ಗೆರಿ ಅಂದಿದ್ದೆ" ಎಂದಳು. ಅಷ್ಟೇ. ಸ್ನೇಹಲ್ ಕಂಬ ಹಿಡಿದು ಕುಳಿತುಬಿಟ್ಟಳು.

ಸರಿಯಾಗಿ ಹನ್ನೊಂದಕ್ಕೆ ಪರೀಕ್ಷಕಿ ಬಂದರು. ಬಿಳಿ ಖಾದಿ ಸೀರೆ, ಕೈಯಲ್ಲಿ ಫೈಲು, ಮುಖದಲ್ಲಿ ನಗುವಿನ ಸುಳಿವಿಲ್ಲ. ಭಕ್ತರ ಕಾಲುಗಳನ್ನು ದಾಟಿ ದಾಟಿ ಹನ್ನೆರಡು ಕೋಣೆ ನೋಡಿದರು. ಹುಸೇನಪ್ಪನ ಗೋಡೆಗಳನ್ನು ಸವರಿ ತಲೆದೂಗಿದರು. ಕೌದಿ, ಹಂಡೆ, ಮೇಜು, ಎಲ್ಲಕ್ಕೂ ಸರಿ ಗುರುತು. ಕೊನೆಗೆ ಪಡಸಾಲೆಗೆ ಮರಳಿ ಬಂದು, ಹಳದಿ ಗೋಡೆಯೆದುರು ಪೆನ್ನು ಎತ್ತಿ ಹಿಡಿದು ನಿಂತರು. ಸ್ನೇಹಲ್ ಕಣ್ಣು ಮುಚ್ಚಿಕೊಂಡಳು.

ಹೋದರೆ ಹೋಗಲಿ ಮಾನ, ಹೋಟೆಲು ಉಳಿಯಲಿ ಎಂದು ನಾನು ಮುಂದೆ ನುಗ್ಗಿದೆ. ಮರಾಠಿಯಲ್ಲಿ ಭಾಷಣವನ್ನೇ ಬಿಗಿದೆ. "ಮೇಡಂ, ಇದು ಬರೀ ಗೋಡೆಯಲ್ಲ, ಜೀವಂತ ಪರಂಪರೆ! ವಿನ್ಯಾಸವೆಂದರೆ ಜನರ ಹೃದಯ ಮುಟ್ಟಬೇಕು. ನೋಡಿ, ಕರ್ನಾಟಕದಿಂದ ನಡೆದುಬಂದ ಭಕ್ತರು ನನ್ನ ಗೋಡೆಗೆ ಕೈಮುಗಿದು ಒಳಗೆ ಬಂದಿದ್ದಾರೆ!"

ಪರೀಕ್ಷಕಿ ಹುಬ್ಬೇರಿಸಿದರು. ರೊಟ್ಟಿ ಮುರಿಯುತ್ತಿದ್ದ ಮುದುಕಿಯನ್ನು ತೋರಿಸಿ, "ಇವರನ್ನೇ ಕೇಳಿ. ಗೋಡೆ ನೋಡಿ ಏನನಿಸಿತಂತೆ?" ಎಂದರು.

ಮುದುಕಿಯ ಹೆಸರು ರುದ್ರವ್ವ. ನಾನು ಕನ್ನಡದಲ್ಲಿ ಕೇಳಿದೆ. ಆಕೆ ಬಾಯಲ್ಲಿದ್ದ ತುತ್ತು ನುಂಗಿ, ನೀರು ಕುಡಿದು, ಹೇಳಿದಳು:

"ಗ್ವಾಡಿ ಯಾವನ್ ನೋಡ್ಯಾನ ತಮ್ಮಾ! ಕಾಲು ಭಾಳ ನೊಂದಿದ್ವು. ನೆಳ್ಳು ಕಾಣ್ತು. ದೊಡ್ಡೋರ ಮನಿ, ಒಳಗ ಬಿಡ್ತಾರೋ ಇಲ್ಲೋ ಅಂತ ಅನುಮಾನ ಬಂತು. ಆಮ್ಯಾಲೆ ಮೈತುಂಬ ಅರಿಶಿನ ಬಡಕೊಂಡು ನಿಂತ ನಿನ್ನ ಮಾರಿ ನೋಡಿದೆ. ಇಷ್ಟು ಹುಂಬ ಮಾರಿಯವ ಯಾರನ್ನೂ ಹೊರಗ ಹಾಕಾಂವಲ್ಲ ಅನ್ನಿಸ್ತು. ಬಂದ್ವಿ."

ನಾನು ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ, "ಗೋಡೆಯಲ್ಲಿ ಸಾಕ್ಷಾತ್ ದೇವರು ಕಂಡ ಎನ್ನುತ್ತಿದ್ದಾರೆ..." ಎಂದು ಶುರುಮಾಡಿದೆ.

"ಸುಳ್ಳ ಹೇಳಬ್ಯಾಡ್ರಿ!" ಎಂದು ಮಾಧುರಿ ಮುಂದೆ ಬಂದು, ಒಂದು ಪದ ಬಿಡದೆ, ಪ್ರಮಾಣಬದ್ಧವಾಗಿ ಅನುವಾದಿಸಿದಳು. 'ಹುಂಬ' ಎಂಬುದಕ್ಕೆ ಮರಾಠಿಯಲ್ಲಿ ಮೂರು ಪದ ಹೇಳಿ, ಯಾವುದು ಹೆಚ್ಚು ಹೊಂದುತ್ತದೆಂದು ನನ್ನ ಮುಖ ನೋಡಿ ಆರಿಸಿದಳು.

ಪರೀಕ್ಷಕಿಯ ಕನ್ನಡಕ ಕೆಳಗೆ ಬಿತ್ತು. ನಗು ನಿಲ್ಲಿಸಲಾಗದೆ ರುದ್ರವ್ವನ ಪಕ್ಕದಲ್ಲೇ ಕಂಬಳಿಯ ಮೇಲೆ ಕುಳಿತರು. ಅರ್ಧ ರೊಟ್ಟಿ ತಿಂದರು. ಅಲ್ಲಿಯೇ ಫೈಲು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದರು. ಸ್ನೇಹಲ್ ಅಳುತ್ತಲೇ ನಕ್ಕಳು. ಹುಸೇನಪ್ಪ ಆಗಲೇ ಗೋಡೆ ಕೆರೆಯಲು ಉಳಿ ಹುಡುಕುತ್ತಿದ್ದ.

ಪ್ರಮಾಣಪತ್ರ ಸಿಕ್ಕಿತು! ಅದರ ಕೆಳಗೆ ಎರಡು ಷರತ್ತುಗಳಿದ್ದವು. ಮಾಧುರಿ ಎಲ್ಲರಿಗೂ ಕೇಳುವಂತೆ ಓದಿದಳು:

"ಒಂದು: ಪಡಸಾಲೆಯ ಗೋಡೆಯನ್ನು ಕೂಡಲೇ ಕೆರೆದು ತೆಗೆಯತಕ್ಕದ್ದು. ಎರಡು: ವಿನ್ಯಾಸಕರ ಮುಖವನ್ನು ಇದ್ದ ಹಾಗೆಯೇ ಸಂರಕ್ಷಿಸಿ, ಬಾಗಿಲಲ್ಲಿ ನಿಲ್ಲಿಸತಕ್ಕದ್ದು."