ಕುಡಿತ ಬಿಟ್ಟು ನಲವತ್ತಾರು ವರ್ಷ

ಗಲಾಟೆಗೆಲ್ಲ ಕಾರಣ ಆಸ್ಪತ್ರೆಯ ಕಂಪ್ಯೂಟರಿನ ಒಂದು ಖಾಲಿ ಜಾಗ. ಮೇದೋಜೀರಕ ಗ್ರಂಥಿ ಊದಿದವರೆಲ್ಲ ಕುಡುಕರೇ ಎಂಬಂತೆ ‘ಕುಡಿತ ಬಿಟ್ಟು ಎಷ್ಟು ವರ್ಷ?’ ಎಂದು ಅದು ಕೇಳುತ್ತಿತ್ತು. ತುಂಬದಿದ್ದರೆ ಮುಂದಕ್ಕೆ ಹೋಗದು, ಸೊನ್ನೆ ಹಾಕಿದರೆ ಒಪ್ಪದು. ಜನ್ಮದಲ್ಲಿ ಒಂದು ಹನಿ ಮುಟ್ಟದ ಶಾಲಾ ಬಸ್ಸಿನ ಡ್ರೈವರನಿಗೆ ಕೌಂಟರಿನಾಕೆ ತಲೆ ಓಡಿಸಿ ಅವನ ವಯಸ್ಸನ್ನೇ ತುಂಬಿಬಿಟ್ಟಳು.

ಬೆಳಿಗ್ಗೆ ಡಿಪೋದಲ್ಲಿ, ಕೆಲಸಕ್ಕೆ ಮರಳಲು ಆಸ್ಪತ್ರೆ ಕೊಟ್ಟ ಪ್ರಮಾಣಪತ್ರವನ್ನು ಅವನ ಕೈಯಿಂದ ಕಿತ್ತುಕೊಂಡ ಮೆಕ್ಯಾನಿಕ್ ಎಲ್ಲರಿಗೂ ಕೇಳುವಂತೆ ಓದಿದ. “ಮೇದೋಜೀರಕ ಗ್ರಂಥಿಯ ಊತ. ಕಾರಣ, ಮದ್ಯಪಾನ. ಬಿಟ್ಟು ನಲವತ್ತಾರು ವರ್ಷ. ಕೆಲಸಕ್ಕೆ ಯೋಗ್ಯ. ತೊಟ್ಟಿಲಲ್ಲೇ ಬಿಟ್ರಾ ಅಣ್ಣ? ಗಟ್ಟಿ ಮನಸ್ಸು ನಿಮ್ದು.”

ಡ್ರೈವರನಿಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆ ಕೊಯ್ಯಿಸಿಕೊಂಡು ಮೂರು ತಿಂಗಳು ಮಲಗಿದ್ದಾಗ ನೋಡಲು ಬಂದವರೆಲ್ಲ ‘ಇನ್ನಾದ್ರೂ ಬಿಟ್ಬಿಡಿ’ ಎಂದು ಬುದ್ಧಿ ಹೇಳಿ ಹೋಗಿದ್ದರು. ಬಾಟಲಿ ಎಲ್ಲೆಲ್ಲಿ ಬಚ್ಚಿಟ್ಟಿರುತ್ತಾರೆಂದು ಪಕ್ಕದ ಮನೆಯಾಕೆ ಅವನ ಹೆಂಡತಿಗೆ ಪಟ್ಟಿ ಕೊಟ್ಟಿದ್ದಳು. ಹೆಂಡತಿ ಹುಡುಕಿಯೂ ಇದ್ದಳು.

“ಐದು ಗಂಟೆಯೊಳಗೆ ಇದನ್ನ ಸಾಹೇಬರಿಗೆ ಕೊಡಿ. ಇಲ್ಲಾಂದ್ರೆ ಬಸ್ಸು ಬೇರೆಯವರ ಪಾಲು,” ಎಂದ ಮೆಕ್ಯಾನಿಕ್.

ಇಪ್ಪತ್ತು ವರ್ಷ ಓಡಿಸಿದ ಬಸ್ಸು. ಅವನಿಗೆ ಬೇರೆ ಕೆಲಸವೇ ಗೊತ್ತಿರಲಿಲ್ಲ. ಆದರೂ, “ಈ ಸುಳ್ಳನ್ನ ಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?” ಎಂದವನೇ ಆಸ್ಪತ್ರೆಗೆ ಓಡಿದ.

“ನಾನು ಕುಡಿದೇ ಇಲ್ಲಮ್ಮ,” ಎಂದು ಕೌಂಟರಿನಾಕೆಗೆ ಹೇಳಿದ.

“ಎಲ್ರೂ ಹಾಗೇ ಹೇಳೋದು. ನಿಮ್ಮ ಮರ್ಯಾದೆ ಉಳೀಲಿ ಅಂತಾನೇ ನಲವತ್ತಾರು ಹಾಕಿದ್ದು.”

ಅವನು ಪ್ರಮಾಣಪತ್ರವನ್ನು ಅವಳೆದುರೇ ಚೂರುಚೂರು ಮಾಡಿ ಎಸೆದ. ಕಾವಲಿನವನು ಗದರಿಸಿ ಅಷ್ಟೂ ಚೂರನ್ನು ಅವನ ಕೈಯಿಂದಲೇ ಆರಿಸಿ ಕಸದ ಬುಟ್ಟಿಗೆ ಹಾಕಿಸಿದ.

ಮೂರು ಗಂಟೆ ಕಾದ ಮೇಲೆ ಲಿಫ್ಟಿನ ಬಳಿ ಸರ್ಜನ್ ಸಿಕ್ಕರು. ವಿಷಯ ಕೇಳಿ ಅವರಿಗೆ ಇವನಿಗಿಂತ ಹೆಚ್ಚು ಸಿಟ್ಟು ಬಂತು.

“ಕುಡಿತದಿಂದ ಅಂತ ಬರೆದಿದಾರಾ? ಕ್ಯಾನ್ಸರ್ ಗಡ್ಡೆ ಇರಬೇಕು ಅಂತ ಗ್ರಂಥಿಯ ತಲೆಭಾಗಾನೇ ತೆಗೆದೆ. ಲ್ಯಾಬಲ್ಲಿ ನೋಡಿದ್ರೆ ಅಪರೂಪದ ಉರಿಯೂತ. ನಿಮ್ಮ ಮೈಯನ್ನ ಕಾಯಬೇಕಾದ ಶಕ್ತೀನೇ ತಿರುಗಿಬಿದ್ದು ಗ್ರಂಥಿನ ಊದಿಸಿತ್ತು. ಅದನ್ನ ಪತ್ತೆ ಮಾಡೋಕೆ ಮೂರು ವಾರ ತಲೆ ಕೆಡಿಸ್ಕೊಂಡಿದೀನಿ ನಾನು. ಬನ್ನಿ ಇಲ್ಲಿ, ಹೊಸದನ್ನ ನನ್ನ ಕೈಯಾರೆ ಬರೀತೀನಿ.”

“ಎಲ್ಲಾ ಬರೀರಿ ಡಾಕ್ಟ್ರೇ. ಒಂದಕ್ಷರಾನೂ ಬಿಡಬೇಡಿ.”

ಡಾಕ್ಟರು ಒಂದಕ್ಷರವನ್ನೂ ಬಿಡಲಿಲ್ಲ.

ಐದಕ್ಕೆ ಐದು ನಿಮಿಷವಿರುವಾಗ ಡ್ರೈವರ್ ಏದುಸಿರು ಬಿಡುತ್ತಾ ಡಿಪೋ ಸೇರಿದ. ಸಾಹೇಬರು ಮೊದಲ ಪುಟ ಓದಿ ಎದ್ದು ನಿಂತು ಕೈಕುಲುಕಿದರು. “ತಪ್ಪಾಯ್ತು, ನಾವೂ ನಿಮ್ಮನ್ನ ಕುಡುಕ ಅಂದ್ಕೊಂಡಿದ್ವಿ.” ಬಾಗಿಲಲ್ಲಿ ನಿಂತಿದ್ದ ಮೆಕ್ಯಾನಿಕ್ ತಲೆ ತಗ್ಗಿಸಿದ. ಡ್ರೈವರನಿಗೆ ಕಣ್ಣು ತುಂಬಿ ಬಂತು.

ಸಾಹೇಬರು ಎರಡನೆಯ ಪುಟ ತಿರುಗಿಸಿದರು.

“‘ಗ್ರಂಥಿಯ ಭಾಗ ತೆಗೆದಿರುವುದರಿಂದ ಸಕ್ಕರೆ ಕಾಯಿಲೆ ಬಂದಿದೆ, ದಿನಾ ಇನ್ಸುಲಿನ್ ಬೇಕು.’ ಅಯ್ಯೋ, ಇನ್ಸುಲಿನ್ ತಗೊಳ್ಳೋರಿಗೆ ನಮ್ಮಲ್ಲಿ ಬಸ್ಸು ಕೊಡೋ ಹಾಗಿಲ್ವಲ್ರೀ.”

“ಕುಡುಕರಿಗೆ?” ಎಂದ ಡ್ರೈವರ್.

“ಬಿಟ್ಟು ಒಂದು ವರ್ಷ ಆಗಿದ್ರೆ ಕೊಡ್ತೀವಿ. ಬೆಳಿಗ್ಗೆ ನಲವತ್ತಾರು ವರ್ಷ ಅಂತ ಏನೋ ತಂದಿದ್ರಂತಲ್ಲ, ಅದರಲ್ಲಿ ಇನ್ಸುಲಿನ್ ಮಾತೇ ಇರಲಿಲ್ವಂತೆ. ಅದನ್ನೇ ಕೊಡಿ, ಸಹಿ ಹಾಕ್ತೀನಿ.”

“ಹರಿದುಹಾಕ್ದೆ.”

ಮೆಕ್ಯಾನಿಕ್ ತಗ್ಗಿಸಿದ ತಲೆ ಎತ್ತಿ ನಿಜವಾದ ಮರುಕದಿಂದ ಕೇಳಿದ:

“ಯಾಕಣ್ಣ, ಕುಡಿದಿದ್ರಾ?”