ಮೂರೇ ಮೂರು ಶಿಂಗಲ್ಲು

ಹಿಂದಿನ ದಿನದ ಮಳೆಯ ಕೊನೆಯ ಹನಿ ಚಾವಣಿಯಿಂದ ಇಳಿದು, ಗುರಿಯಿಟ್ಟಂತೆ ಆರ್ಡಿಸಳ ಕಾಫಿ ಕಪ್ಪಿಗೇ ಬಿತ್ತು. ಅದೂ ವರ್ಷದ ಮೀನುಬೇಟೆ ಶುರುವಾಗುವ ಶನಿವಾರದ ಬೆಳಿಗ್ಗೆ.

"ಮನೆ ಸೋರೋದು ನಿಲ್ಲಿಸದೆ ದೋಣಿ ಮುಟ್ಟಿದ್ರೆ ನೋಡು!" ಎಂದಳು ಗಂಡ ವರ್ನರನಿಗೆ.

ಮಿನೆಸೋಟದಲ್ಲಿ ಈ ಶನಿವಾರಕ್ಕಾಗಿ ಜನ ಇಡೀ ಚಳಿಗಾಲ ಕಾದಿರುತ್ತಾರೆ. ಚಾವಣಿಗೆ ಹೆಂಚಿನಂತೆ ಹೊದಿಸಿದ್ದ ಶಿಂಗಲ್ ಹಾಳೆಗಳಲ್ಲಿ ಹರಿದದ್ದು ಬರೀ ಮೂರು. ಕಿತ್ತು ಹೊಸದು ಬಡಿಯಲು ಒಂದು ಗಂಟೆ. ಹತ್ತಕ್ಕೆಲ್ಲ ಸರೋವರ ಎಂದುಕೊಂಡ ವರ್ನರ್.

ಏಣಿ ಒರಗಿಸಿ, ಹಾಳೆ ಎಬ್ಬಿಸುವ ಸಲಿಕೆಯನ್ನು ಅದರ ಬುಡದಲ್ಲಿ ನಿಲ್ಲಿಸಿ, ಮೊದಲು ನೋಡಿಬರೋಣವೆಂದು ಹತ್ತಿದ. ಚಾವಣಿ ಬಿಸಿಲಿಗೆ ಬೆಚ್ಚಗಿತ್ತು. ದೂರದ ಸರೋವರದ ಮೇಲೆ ಕಾಯುವ ಹಾಲಿನ ಹಬೆಯಂತೆ ಮಂಜು ಏಳುತ್ತಿತ್ತು. ಚಿಮಣಿಗೆ ಒರಗಿದ. ಒಂದು ಮೋಡ ಬಾಲ ಆಡಿಸುತ್ತ ಅವನ ಬೂಟಿನ ತುದಿಯವರೆಗೂ ಈಜಿಬಂತು. ಹಿಡಿಯಲು ಕೈ ಚಾಚಿದ...

ಪರಪರ ಸದ್ದಿಗೆ ಎಚ್ಚರವಾಯಿತು. ಸುತ್ತ ನಾಲ್ಕು ಜನ ನೆರೆಯವರು, ನಾಲ್ಕು ಸಲಿಕೆ. ಮನೆ ಪುಕ್ಕ ಕಿತ್ತ ಕೋಳಿಯಂತಾಗಿತ್ತು.

ಆ ಬೀದಿಯ ಪದ್ಧತಿಯೇ ಹಾಗೆ. ಏಣಿಯ ಬುಡದಲ್ಲಿ ಸಲಿಕೆ ನಿಂತರೆ, ಚಾವಣಿ ಪೂರ್ತಿ ಕೀಳಲು ಬನ್ನಿ ಎಂದು ಕರೆದಂತೆ. ಬಾಯಿಬಿಟ್ಟು ಕೇಳುವ ಮುಜುಗರ ಯಾರಿಗೂ ಇಲ್ಲ. ಮೀನಿನ ಧ್ಯಾನದಲ್ಲಿ ವರ್ನರ್ ಅದನ್ನು ಮರೆತಿದ್ದ.

"ಎದ್ಯಾ ಮಾರಾಯ? ನೀನು ಮಲಗಿರೋ ಜಾಗ ಬಿಟ್ಟು ಎಲ್ಲಾ ಆಯ್ತು," ಎಂದ ಪಕ್ಕದ ಮನೆಯ ಎಲ್‌ರಾಯ್.

"ಅಯ್ಯೋ, ಮೂರೇ ಮೂರು ಕೀಳೋದಿತ್ತಲ್ಲೋ!"

"ಎಲ್ರೂ ಹಂಗೇ ಅನ್ನೋದು. ಸಂಕೋಚ ಪಡ್ಬೇಡ. ಹೊಸ ಶಿಂಗಲ್ಲಿಗೆ ಅಂಗಡಿಗೂ ಫೋನ್ ಮಾಡಿದೀನಿ."

ಅಂಗಳದಿಂದ ಎದುರುಮನೆಯ ಎಂಬತ್ತರ ಡೊಲೊರೆಸಜ್ಜಿ ಕೂಗಿದಳು: "ಏಯ್ ವರ್ನರ್, ಪಕ್ಕಕ್ಕೆ ಸರಿಯೋ! ಅದನ್ನೂ ಕಿತ್ಕೊಳ್ಳಲಿ. ಆಲೂಗಡ್ಡೆ ಬೇಯಿಸಿ ತಂದಿದೀನಿ, ಆರಿಹೋಗುತ್ತೆ!"

ವರ್ನರ್ ಸರಿದ. ಹೋಗಲಿ, ಐದು ಜನ ಸೇರಿ ಬಡಿದರೆ ನಾಲ್ಕಕ್ಕೆ ಮುಗಿದೀತು. ಸಂಜೆಯ ಮೀನಾದರೂ ತನ್ನದೇ. ಮತ್ತೆ ಕಣ್ಣು ಸರೋವರದ ಕಡೆ ತೇಲಿತು.

ಊಟವಾಯಿತು. ಲಾರಿ ಬಂದು ಹೊಸ ಶಿಂಗಲ್ ಕಟ್ಟುಗಳನ್ನು ಇಳಿಸಿತು. ನಾಲ್ವರೂ ಕೈ ಒರೆಸಿಕೊಂಡು ಗೇಟಿನತ್ತ ನಡೆದರು.

"ಎಲ್ಲಿಗ್ರೋ?"

"ಕೀಳೋದು ಬೀದಿ ಕೆಲ್ಸ, ಬಡಿಯೋದು ಮನೆಯವನ ಕೆಲ್ಸ. ನಾಳೆ ಸೋರಿದ್ರೆ ನಮ್ಗ್ಯಾಕಪ್ಪ ಬೈಗುಳ?" ಎಂದ ಎಲ್‌ರಾಯ್. "ಬೇಗ ಶುರುಮಾಡು. ನಾಳೆ ಜೋರು ಮಳೆಯಂತೆ."

ಈ ನಿಯಮ ವರ್ನರನಿಗೂ ಗೊತ್ತಿತ್ತು. ಇವತ್ತೊಂದು ದಿನ ಅವರು ಮರೆಯಲಿ ಎಂದು ಆಸೆಪಟ್ಟಿದ್ದ, ಅಷ್ಟೆ.

ವರ್ನರ್ ಒಬ್ಬನೇ ಮೊಳೆ ಹೊಡೆಯುತ್ತಿದ್ದಂತೆ ಬಿಸಿಲು ಬಂಗಾರದ ಬಣ್ಣಕ್ಕೆ ತಿರುಗಿತು. ಬೆನ್ನು ನೆಟ್ಟಗೆ ಮಾಡಲು ಎದ್ದುನಿಂತ. ಹೊಳೆಯುವ ನೀರಿನ ನಡುವೆ ಒಂದು ಹಸಿರು ದೋಣಿ ಕನಸಿನಂತೆ ಜಾರುತ್ತಿತ್ತು. ಕಣ್ಣುಜ್ಜಿ ನೋಡಿದ.

"ಆರ್ಡಿಸ್! ಅದು ನಮ್ಮ ದೋಣಿ ಅಲ್ವೇನೇ?"

"ಹೂಂ. ಪಾಪ, ಎಲ್‌ರಾಯ್ ಅವರೆಲ್ಲ ಬೆಳಗಿಂದ ದುಡಿದಿದಾರೆ. ಬರಿಗೈಲಿ ಹೆಂಗೆ ಕಳಿಸ್ಲಿ? ನಿನಗಂತೂ ಇವತ್ತು ಬೇಕಾಗಲ್ಲ ಅಂತ ಕೊಟ್ಟೆ."

ದೋಣಿಯ ಮೂತಿಯಲ್ಲಿ ಕೂತಿದ್ದ ಡೊಲೊರೆಸಜ್ಜಿ, ಚಾವಣಿಯ ಮೇಲಿದ್ದವನಿಗೂ ಕಾಣಲೆಂದು, ಮೊಳಕೈಯುದ್ದದ ಮೀನೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.