ನಾಲ್ಕು ಜನ, ಮೂರು ಓಟು

ಎಲ್ವಿನ್ ಥರ್ಸ್ಟನ್ ಮಾಡಿದ ತಪ್ಪು ಇಷ್ಟೇ. ವಿನ್ನಿ ಹಸ್ಕಿನ್ಸ್ ಬರೆದ ಪುಸ್ತಕಕ್ಕೆ ಜಾಲತಾಣದಲ್ಲಿ ಐದು ನಕ್ಷತ್ರ ಕೊಡಬೇಕಾಗಿದ್ದ ಕಡೆ ನಾಲ್ಕು ಕೊಟ್ಟುಬಿಟ್ಟ. ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ "ಪರವಾಗಿಲ್ಲ, ಓದಬಹುದು" ಎಂದು ಬರೆದು, ದೊಡ್ಡ ಉಪಕಾರ ಮಾಡಿದ ನೆಮ್ಮದಿಯಲ್ಲಿ ಶುಕ್ರವಾರ ರಾತ್ರಿ ಮಲಗಿದ.

ಅವನ ದೃಷ್ಟಿಯಲ್ಲಿ ಅದು ಹೊಗಳಿಕೆಯೇ. ಸುತ್ತಲಿನ ಊರುಗಳ ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು. ಯಾವ ಪಿಯಾನೋವೂ ಪೂರ್ತಿ ಸರಿಯಿರುವುದಿಲ್ಲ ಎಂಬುದು ಮೂವತ್ತೈದು ವರ್ಷಗಳಲ್ಲಿ ಅವನು ಕಂಡುಕೊಂಡ ಸತ್ಯ. ಅವನ ಬಾಯಿಂದ 'ಪರವಾಗಿಲ್ಲ' ಬಂತೆಂದರೆ ಬೇರೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದಕ್ಕೆ ಸಮ. ಆದರೆ ಕಾಬ್ಸ್ ಮಿಲ್ಸ್‌ನಂಥ ಊರಿನಲ್ಲಿ ಇದನ್ನೆಲ್ಲ ಕೇಳುವ ವ್ಯವಧಾನ ಯಾರಿಗಿದೆ?

ಶನಿವಾರ ಬೆಳಗ್ಗೆ ಏಳಕ್ಕೇ ಫೋನು ಬಡಿದುಕೊಂಡಿತು. ಊರ ಲೈಬ್ರರಿಯ ಡಾಟ್ ಕೋಲ್ಬಿ. ಎಪ್ಪತ್ತು ದಾಟಿದ ಹೆಂಗಸು, ದನಿಗೆ ಮಾತ್ರ ಇಪ್ಪತ್ತು.

"ಎಲ್ವಿನ್, ಆ ಐದನೇ ನಕ್ಷತ್ರ ಏನಾಯ್ತಯ್ಯ? ಇಲಿ ತಿಂತಾ?"

"ನಾಲ್ಕು ಕೊಟ್ಟಿದೀನಲ್ಲ ಡಾಟ್. ನನ್ನ ಸ್ವಂತ ಮದುವೆಗೂ ನಾಲ್ಕೇ ಕೊಡ್ತಿದ್ದೆ, ಪುಣ್ಯಾತ್ಗಿತ್ತಿ ಅದಕ್ಕೇ ಖುಷಿಯಾಗಿದ್ಲು."

"ನಾಲ್ಕು ಜನ ಇದ್ದ ಕಡೆ ಮೂರು ಓಟು. ಐದು ನಕ್ಷತ್ರ ಇರೋ ಕಡೆ ನಾಲ್ಕು. ಒಂದು ಕಡಿಮೆ ಮಾಡೋ ಚಾಳಿ ಯಾರದು ಅಂತ ಊರಿಗೆ ಗೊತ್ತಾಗೋಯ್ತು ಅಂತಿದಾರೆ. ನಾನು ಹೇಳ್ತಿಲ್ಲಪ್ಪ, ಊರು ಹೇಳ್ತಿದೆ."

ಎಲ್ವಿನ್ ತಟ್ಟನೆ ಫೋನು ಇಟ್ಟುಬಿಟ್ಟ.

ನಡೆದದ್ದು ಹೀಗೆ. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದ ವಿನ್ನಿ, ಎರಡು ದೊಡ್ಡ ಪಕ್ಷಗಳಿಂದಲೂ ರೋಸಿಹೋಗಿ, 'ನೆರೆಹೊರೆ ಪಕ್ಷ' ಎಂಬ ಮೂರನೆಯದರಿಂದ ಕಳೆದ ನವೆಂಬರಿನಲ್ಲಿ ದೇಶದ ಅಧ್ಯಕ್ಷ ಪದವಿಗೇ ನಿಂತಿದ್ದಳು. ಹಳೆಯ ಹಳದಿ ಬಸ್ಸೊಂದರಲ್ಲಿ ಊರೂರು ಸುತ್ತಿ, ಸೋತು, ಮನೆಗೆ ಬಂದು ಆ ಕತೆಯನ್ನು ಪುಸ್ತಕ ಮಾಡಿದಳು. ಓದುಗರ ಅಭಿಪ್ರಾಯಗಳು ಜಾಲತಾಣದಲ್ಲಿ ಸುರಿದವು. "ನಿನ್ನಿಂದಲೇ ನಮ್ಮವರು ಸೋತರು, ಪುಸ್ತಕ ಓದಿಲ್ಲ, ಓದುವುದೂ ಇಲ್ಲ" ಎಂದು ಒಬ್ಬ. ಗೆದ್ದ ಪಕ್ಷದವನೊಬ್ಬ, "ನಿನ್ನಿಂದಲೇ ನಮಗೆ ಓಟು ಕಡಿಮೆಯಾಯಿತು" ಎಂದ. "ಪುಸ್ತಕ ಒದ್ದೆಯಾಗಿ ಬಂತು, ಒಂದು ನಕ್ಷತ್ರ" ಎಂದು ಮತ್ತೊಬ್ಬ. ಮಗನ ಶಾಲೆಯ ಬಸ್ಸು ದಿನಾ ತಡ ಎಂಬ ದೂರನ್ನೂ ಒಬ್ಬಾಕೆ ಅಲ್ಲೇ ದಾಖಲಿಸಿದ್ದಳು.

ಕಾಬ್ಸ್ ಮಿಲ್ಸ್‌ನವರಿಗೆ ಬೇಕಾದದ್ದು ಮಾತ್ರ ಇನ್ನೂರ ಹನ್ನೆರಡನೇ ಪುಟ. ಅಲ್ಲಿ ವಿನ್ನಿ ಬರೆದಿದ್ದಳು: "ನಮ್ಮೂರ ಪಕ್ಷದ ಸಮಿತಿಯಲ್ಲಿ ನಾವು ನಾಲ್ವರು. ಟೌನ್ ಕ್ಲರ್ಕ್ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಇದ್ದದ್ದು ಮೂರು ಓಟು. ಕೈಕೊಟ್ಟ ಆ ಒಬ್ಬರು ಯಾರೆಂದು ನನಗೆ ಗೊತ್ತು. ಆ ಮುಖವನ್ನು ದಿನಾ ಬೆಳಗ್ಗೆ ನೋಡುತ್ತೇನೆ. ನೋಡಿ, ಏನೂ ಹೇಳದೆ ಸುಮ್ಮನಾಗುತ್ತೇನೆ."

ಸಮಿತಿಯೆಂದರೆ ವಿನ್ನಿ, ಡಾಟ್, ಹಾರ್ಡ್‌ವೇರ್ ಅಂಗಡಿಯ ಗಸ್ ಲಾವೊಯ್ ಮತ್ತು ಎಲ್ವಿನ್. ಮೂವರೂ ದಿನಾ ಬೆಳಗ್ಗೆ ಅವಳ ಕಣ್ಣಿಗೆ ಬೀಳುವವರೇ. ಗಸ್ಸನ ಅಂಗಡಿಯಲ್ಲಿ ಅವಳು ಪೇಪರ್ ಕೊಳ್ಳುತ್ತಾಳೆ, ಲೈಬ್ರರಿಯ ಮುಂದೆ ಹಾಯುತ್ತಾಳೆ, ಪಕ್ಕದ ಮನೆಯ ಎಲ್ವಿನ್ ಅವಳ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾನೆ. ಊರು ಮೂರು ವಾರದಿಂದ ಮೂವರನ್ನೂ ತೂಗಿ ನೋಡುತ್ತಿತ್ತು. ಈಗ ತಕ್ಕಡಿ ವಾಲಿತು.

ಊರು ಸುಳ್ಳು ಹೇಳುತ್ತಿದ್ದರೆ ಎಲ್ವಿನ್ ನಕ್ಕು ಸುಮ್ಮನಾಗುತ್ತಿದ್ದ. ಕಷ್ಟವೆಂದರೆ, ಅದು ನಿಜ. ಆ ದಿನ ಪರದೆಯ ಹಿಂದೆ ನಿಂತಾಗ, ವಿನ್ನಿಗೆ ಹಾಕಿದ ಓಟು ನೀರಿನಲ್ಲಿ ಹೋಮ ಮಾಡಿದಂತೆ, ಅದರಿಂದ ದೊಡ್ಡ ಪಕ್ಷಗಳ ಇಬ್ಬರಲ್ಲಿ ಆ ಕೆಟ್ಟವನು ಗೆದ್ದುಬಿಟ್ಟರೆ ಎಂಬ ಭಯ ಬಂದು, ಕೈ ತಾನಾಗಿ ಮೇಲಿನ ಸಾಲಿನಲ್ಲಿದ್ದ ಅವನ ಎದುರಾಳಿಯ ಹೆಸರಿಗೆ ಸರಿದಿತ್ತು. ಆ ಕೆಟ್ಟವನು ಹೇಗೂ ಗೆದ್ದ.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಎಲ್ವಿನ್ ವಿನ್ನಿಯನ್ನು ಪ್ರೀತಿಸುತ್ತಿದ್ದ. ಹೆಂಡತಿ ತೀರಿಹೋಗಿ ಒಂಬತ್ತು ವರ್ಷವಾದ ಅರುವತ್ತೊಂದರ ಗಂಡಸು, ಈ ಸಂಜೆ ಊರ ರೈತರ ಕೂಟದ ಗ್ರೇಂಜ್ ಸಭಾಂಗಣದಲ್ಲಿ ವಿನ್ನಿ ಪುಸ್ತಕ ಓದಿದ ಮೇಲೆ, ಊರವರ ಬೀನ್ಸ್ ಬೀಜದ ಊಟಕ್ಕೆ ಕೂತಾಗ, ಅವಳನ್ನು ಮದುವೆಗೆ ಕೇಳಬೇಕೆಂದಿದ್ದ. "ಈ ಚಳಿಗಾಲಕ್ಕೆ ಎರಡು ಮನೆ ಒಲೆ ಹಚ್ಚಿ ಕಾಯಿಸೋದು ಯಾಕೆ ವಿನ್ನಿ, ಒಂದೇ ಸಾಕಲ್ವಾ" ಎಂಬ ಮಾತನ್ನು ಬೇಸಿಗೆಯಿಡೀ ಅಭ್ಯಾಸ ಮಾಡಿದ್ದ. ಮೋಸ ಮಾಡಿದವನ ಮನೆ ಕಾಯಿಸಲು ಯಾವ ಹೆಂಗಸು ಒಪ್ಪುತ್ತಾಳೆ? ಹಾಗಾಗಿ, ಪುಸ್ತಕದ ಆ ಮುಖ ಗಸ್ಸನದೋ ಡಾಟಳದೋ ಇರಬಹುದೆಂದು ನಂಬಿಕೊಂಡು, ಸಂಜೆಯವರೆಗೆ ಹೇಗಾದರೂ ಬಾಯಿ ಬಿಗಿಹಿಡಿಯಬೇಕಿತ್ತು. ಪುಣ್ಯಕ್ಕೆ ವಿನ್ನಿ ಬೆಳಗ್ಗೆಯೇ ಪಕ್ಕದ ಊರಿನ ರೇಡಿಯೋ ಸಂದರ್ಶನಕ್ಕೆ ಹೋಗಿದ್ದಳು.

ಅಂಗಡಿಗೆ ಹೋಗದಿದ್ದರೆ ಅನುಮಾನ ಹೆಚ್ಚುತ್ತದೆಂದು ಎಲ್ವಿನ್ ಬೇಕಿಲ್ಲದ ಬಲ್ಬೊಂದನ್ನು ಕೊಳ್ಳಲು ಗಸ್ಸನಲ್ಲಿಗೆ ಹೋದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೆಯೇ. ಒಳಗೆ ಐದಾರು ಜನ ಮೊಳೆ, ಬಣ್ಣ ಎಂದು ನೆಪ ಹಿಡಿದು ನಿಂತಿದ್ದರು.

"ಬಲ್ಬು ಕೊಡೋಣ," ಎಂದ ಗಸ್. "ಮೊದ್ಲು ಇದು ಹೇಳು. ನೀನು ವಿನ್ನಿಗೆ ಓಟು ಹಾಕಿದ್ಯೋ ಇಲ್ವೋ?"

"ಓಟು ಅನ್ನೋದು ಗುಟ್ಟಿನ ವಿಷಯ ಗಸ್."

"ಮೂರು ಓಟು ಬಿದ್ದ ಊರಲ್ಲಿ ಗುಟ್ಟು ಎಲ್ಲಿಂದ ಬಂತು ಮಾರಾಯ? ನನ್ನದೊಂದು, ಡಾಟ್‌ದೊಂದು, ವಿನ್ನಿದೊಂದು. ನಿನ್ನದನ್ನ ಎಲ್ಲಿ ಇಡ್ಲಿ?"

"ಹಾಕಿದೆ ಕಣಯ್ಯ. ಅವಳ ಹೆಸರಿನ ಮುಂದಿನ ಸೊನ್ನೇನ ಪೆನ್ನಲ್ಲಿ ಎಷ್ಟು ಒತ್ತಿ ಕಪ್ಪು ಮಾಡಿದೆ ಅಂದ್ರೆ ಕಾಗದ ತೂತು ಬೀಳ್ತು."

ಮೊಳೆ ಆರಿಸುತ್ತಿದ್ದ ಮುದುಕನೊಬ್ಬ ತಲೆಯೆತ್ತಿದ. "ತೂತು ಬಿದ್ದ ಹಾಳೇನ ಎಣಿಸೋ ಯಂತ್ರ ನುಂಗೋದಿಲ್ಲ."

"ಪೂರ್ತಿ ತೂತಲ್ಲ. ಗೀಚು."

"ಗೀಚಿದ್ರೂ ಎಣಿಸಲ್ಲ."

"ಗೀಚೂ ಅಲ್ಲ. ಸ್ವಲ್ಪ ಒತ್ತಿದ್ದೆ, ಅಷ್ಟೇ."

"ಈಗ ತೂತೋ, ಗೀಚೋ, ಒತ್ತೋ?" ಗಸ್ ಕೌಂಟರಿನ ಮೇಲೆ ಎರಡೂ ಕೈ ಊರಿದ. "ಓಟು ಹಾಕಿದೋನು ಮೂರು ತರ ಹೇಳ್ತಾನೇನೋ?"

ಎಲ್ವಿನ್ ಬಲ್ಬು ಬಿಟ್ಟು ಬೀದಿಗೆ ಬಿದ್ದ. ಅವನು ಲೈಬ್ರರಿ ಮುಟ್ಟುವಷ್ಟರಲ್ಲಿ ತೂತಿನ ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಕೂತಿತ್ತು.

"ಅಳಬೇಡ, ಇದಕ್ಕೊಂದೇ ದಾರಿ," ಎಂದಳು ಡಾಟ್. "ನಾಲ್ಕನ್ನ ಐದು ಮಾಡು. ಊರ ಬಾಯಿ ಮುಚ್ಚುತ್ತೆ."

ಲೈಬ್ರರಿಯ ಕಂಪ್ಯೂಟರಿನ ಮುಂದೆ ಅವನನ್ನು ಕೂರಿಸಿದಳು. ಹಿಂದೆ ನಾಲ್ಕು ಹೆಂಗಸರು ಪುಸ್ತಕ ಹುಡುಕುವ ನಾಟಕ ಬಿಟ್ಟು ನೇರವಾಗಿಯೇ ನೋಡತೊಡಗಿದರು. ಪಿಯಾನೋದ ಎಂಬತ್ತೆಂಟು ಕೀಲಿಗಳ ಮೇಲೆ ಎಂದೂ ತಪ್ಪದ ಎಲ್ವಿನ್‌ನ ಬೆರಳು ಆ ಪುಟಾಣಿ ನಕ್ಷತ್ರಗಳ ಸಾಲಿನ ಮೇಲೆ ಐದನೆಯದನ್ನು ಹುಡುಕುತ್ತ ತಡಕಾಡಿತು. ಒತ್ತಿದ. ಪರದೆಯ ಮೇಲೆ ಒಂದೇ ಒಂದು ನಕ್ಷತ್ರ ಮಿನುಗಿತು. "ನಿಮ್ಮ ಅಭಿಪ್ರಾಯ ಬದಲಾಗಿದೆ. ಮತ್ತೆ ಬದಲಿಸಲು ಇಪ್ಪತ್ತನಾಲ್ಕು ಗಂಟೆ ಕಾಯಿರಿ" ಎಂಬ ಸಾಲು ಕೆಳಗೆ ಬಂತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ.

"ಓಟೂ ಇಲ್ಲ, ಈಗ ನಕ್ಷತ್ರಾನೂ ಇಲ್ಲ," ಎಂದಳು ಹಿಂದಿದ್ದವಳೊಬ್ಬಳು.

"ಬೆರಳು ಜಾರ್ತು ಕಣ್ರೀ."

"ಅವತ್ತೂ ಜಾರಿರಬೇಕು," ಎಂದಳು ಇನ್ನೊಬ್ಬಳು.

ಹೊರಗೆ ಬಂದರೆ ಹೈರಮ್ ಕ್ವಿಂಬಿಯ ಟ್ರಕ್ಕು. ಸೇಬಿನ ತೋಟದ ಈ ಒಂಟಿ ಮುದುಕ ಊರಿಗೆ ಗೊತ್ತಿದ್ದದ್ದೇ ಸಿಡುಕಿಗೆ. ಪುಸ್ತಕ ಬಂದ ಮೊದಲ ದಿನವೇ ಒಂದು ನಕ್ಷತ್ರ ಕೊಟ್ಟು, "ಬಿಸ್ಕತ್ತು ಒದ್ದೆಯಾದ ಹಾಗಿದೆ. ಈ ಹೆಂಗಸಿಗೆ ಇದಕ್ಕಿಂತ ಚೆನ್ನಾಗಿ ಬೈಯಲು ಬರುತ್ತದೆ" ಎಂದು ತನ್ನ ಹೆಸರಿನಲ್ಲೇ ಬರೆದಿದ್ದ.

"ನೋಡ್ದೆ," ಎಂದ ಹೈರಮ್, ಕಿಟಕಿಯಿಂದ ಕೈ ಚಾಚಿ. "ಒಂದು ನಕ್ಷತ್ರ. ಊರಲ್ಲಿ ಧೈರ್ಯ ಇರೋ ಗಂಡಸರು ಈಗ ಇಬ್ಬರಾದ್ವಿ."

"ಅದು ಹಾಗಲ್ಲ ಹೈರಮ್."

"ಸಂಜೆ ನನ್ನ ಪಕ್ಕದಲ್ಲೇ ಕೂತ್ಕೊ."

ಬೀದಿಯ ಎರಡೂ ಬದಿಯಲ್ಲಿ ಜನ ನೋಡುತ್ತಿರುವಂತೆ ಹೈರಮ್ ಅವನ ಕೈಯನ್ನು ಬಾವಿಯ ಪಂಪಿನಂತೆ ಕುಲುಕಿದ. ಆ ಮೇಲೆ ಸಂಜೆಯವರೆಗೆ ಎಲ್ವಿನ್ ಮನೆಯಿಂದ ಹೊರಗೆ ಬರಲಿಲ್ಲ.

ಐದು ಗಂಟೆಗೆ ಗ್ರೇಂಜ್ ಸಭಾಂಗಣ ಕಿಕ್ಕಿರಿದಿತ್ತು. ಚುನಾವಣೆಯಲ್ಲಿ ವಿನ್ನಿಯ ಭಾಷಣಕ್ಕೆ ಇದರ ಕಾಲುಭಾಗವೂ ಬಂದಿರಲಿಲ್ಲ. ಹಿಂದಿನ ಅಡುಗೆಮನೆಯಿಂದ ಬೆಲ್ಲದ ಪಾಕದಲ್ಲಿ ಬೆಂದ ಬೀಜದ ಘಮ ಬರುತ್ತಿದ್ದರೂ ಯಾರಿಗೂ ಅದರ ಮೇಲೆ ಗಮನವಿರಲಿಲ್ಲ. ಎಲ್ವಿನ್ ಎರಡನೇ ಸಾಲಿನಲ್ಲಿ ಕೂತ. ಅವನ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು.

ವಿನ್ನಿ ಕೆಂಪು ಸ್ವೆಟರಿನಲ್ಲಿ ಬಂದು, ಕನ್ನಡಕ ಏರಿಸಿ, ಬಸ್ಸಿನ ಮೂರು ಕತೆ ಓದಿ ಎಲ್ಲರನ್ನೂ ನಗಿಸಿದಳು. ಆಮೇಲೆ ಪುಟ ತಿರುಗಿಸಿದಳು. ಇನ್ನೂರ ಹನ್ನೆರಡು. "ಆ ಮುಖವನ್ನು ದಿನಾ ಬೆಳಗ್ಗೆ ನೋಡುತ್ತೇನೆ" ಎಂಬ ಸಾಲಿಗೆ ಬಂದಾಗ ಇಡೀ ಸಭೆಯ ಕತ್ತು ಎಲ್ವಿನ್ ಕಡೆಗೆ ತಿರುಗಿತು. ಗಸ್ ತೋಳು ಕಟ್ಟಿಕೊಂಡ. ಡಾಟ್ ಕಣ್ಣು ಮುಚ್ಚಿಕೊಂಡಳು.

ಎಲ್ವಿನ್‌ಗೆ ಆ ಮುಖ ತನ್ನದೇ ಎಂದು ಖಚಿತವಾಗಿ ಭಯಕ್ಕಿಂತ ನಾಚಿಕೆಯಾಯಿತು. ಒಂದು ವರ್ಷದಿಂದ ಇವಳಿಗೆ ಎಲ್ಲ ಗೊತ್ತಿದ್ದೂ, ದಿನಾ ಬೆಳಗ್ಗೆ ತನ್ನ ಬಟ್ಟಲಿಗೆ ಕಾಫಿ ಸುರಿದಿದ್ದಾಳಲ್ಲ ಎನ್ನಿಸಿತು. ಇಂಥ ಹೆಂಗಸಿನ ಮುಂದೆ ಇನ್ನೊಂದು ಸುಳ್ಳು ಬೇಡ ಎಂದು ಎದ್ದುನಿಂತ.

"ನಾನೇ ವಿನ್ನಿ," ಎಂದ. "ತೂತೂ ಇಲ್ಲ, ಗೀಚೂ ಇಲ್ಲ. ನಾನು ನಿನಗೆ ಓಟು ಹಾಕ್ಲಿಲ್ಲ. ಹೆದರಿಬಿಟ್ಟೆ. ಗೊತ್ತಿದ್ದೂ ನೀನು ಏನೂ ಅನ್ನಲಿಲ್ಲ, ಅದಕ್ಕೇ ಇನ್ನೂ ಜಾಸ್ತಿ ನಾಚಿಕೆ ಆಗ್ತಿದೆ. ತಪ್ಪಾಯ್ತು."

ವಿನ್ನಿ ಕನ್ನಡಕ ತೆಗೆದು ಅವನನ್ನೇ ನೋಡಿದಳು.

"ನೀನಾ?" ಎಂದಳು.

"ಹೂಂ. ನೀನು ದಿನಾ ಬೆಳಗ್ಗೆ ನೋಡೋ ಮುಖ."

"ಅಯ್ಯೋ ಎಲ್ವಿನ್, ನಾನು ಹೇಳಿದ್ದು ಕನ್ನಡಿಲಿ ಕಾಣೋ ಮುಖ ಕಣೋ. ಅದು ನಾನು." ವಿನ್ನಿ ಕುರ್ಚಿಗೆ ಕುಸಿದಳು. "ಚುನಾವಣೆ ದಿನ ದೂರದ ಒಹಾಯೋದಲ್ಲಿದ್ದೆ. ಅಂಚೆಲಿ ಕಳಿಸಬೇಕಾದ ಓಟು ಬಸ್ಸಿನ ಡಬ್ಬಿಲೇ ಉಳ್ಕೊಂಡಿತ್ತು. ದೇಶಕ್ಕೆಲ್ಲ ಓಟು ಹಾಕಿ ಹಾಕಿ ಅಂತ ಬಡ್ಕೊಂಡೋಳು ನನ್ನ ಓಟೇ ಮರೆತೆ. ಆ ಮೂರು ನಿಮ್ಮ ಮೂವರದು ಅಂತ ನಂಬಿದ್ದೆನಲ್ಲೋ."

ಅಂದರೆ ಎಲ್ವಿನ್ ಬಾಯಿ ಮುಚ್ಚಿಕೊಂಡು ಇನ್ನೆರಡು ನಿಮಿಷ ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವನಿಗೆ ಅದು ಅರ್ಥವಾಗುವ ಹೊತ್ತಿಗೆ ಗಸ್ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ.

"ಇರಿ ಇರಿ. ನನ್ನದೊಂದು, ಡಾಟ್‌ದೊಂದು. ವಿನ್ನಿದಿಲ್ಲ, ಇವನದಿಲ್ಲ. ಮೂರನೇದು ಯಾರದಪ್ಪ?"

ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಹೈರಮ್ ಕ್ವಿಂಬಿ ಎದ್ದ.

"ನನ್ನದು. ಅದಕ್ಕೇನೀಗ?"

"ನೀನು ಒಂದು ನಕ್ಷತ್ರ ಕೊಟ್ಟೋನಲ್ವೇನೋ?" ಎಂದಳು ಡಾಟ್.

"ಓಟು ಹಾಕಿದೋನಿಗೆ ಬೈಯೋ ಹಕ್ಕಿರುತ್ತೆ. ಈಯಮ್ಮ ನನ್ನ ತೋಟಕ್ಕೆ ಬಂದು, ಏಣಿ ಕೆಳಗೆ ನಿಂತು, ಎರಡು ಗಂಟೆ ಜಗಳ ಆಡಿದ್ಲು. ಒಂದು ಮಾತಿಗೂ ಸೋಲಲಿಲ್ಲ. ಇಷ್ಟು ಜಗಳ ಆಡೋರು ವಾಷಿಂಗ್ಟನ್‌ನಲ್ಲಿ ಇರಬೇಕು ಅಂತ ಹಾಕಿದೆ. ಪುಸ್ತಕದಲ್ಲಿ ನೋಡಿದ್ರೆ ಆ ಜಗಳಾನೇ ಇಲ್ಲ. ಬರೀ ನಗು, ಕೈಕುಲುಕು. ನಾನು ಓಟು ಹಾಕಿದ ಹೆಂಗಸು ಎಲ್ಲಿ ಹೋದ್ಲು?"

ವಿನ್ನಿಯ ಮುಖ ಅವಳ ಸ್ವೆಟರಿನ ಬಣ್ಣಕ್ಕೆ ತಿರುಗಿತು. ಜಾಲತಾಣದಲ್ಲಿ ಅಷ್ಟೆಲ್ಲ ಬೈಗುಳ ಬಿದ್ದಾಗಲೂ ಅವಳು ಹೀಗೆ ಕೆಂಪಾಗಿರಲಿಲ್ಲ. ಪುಸ್ತಕವನ್ನು ಮುಚ್ಚಿಟ್ಟು ವೇದಿಕೆ ಇಳಿದು, ಮೊದಲು ಎಲ್ವಿನ್‌ನ ಹತ್ತಿರ ಬಂದಳು.

"ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ನಾನೂ ಅದೇ ಜಾತಿ."

ಎಲ್ವಿನ್‌ಗೆ ಹೋದ ಜೀವ ಬಂದಂತಾಯಿತು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದೆಂದು ತಡವರಿಸುತ್ತಲೇ ಶುರುಮಾಡಿದ. "ಹಾಗಾದ್ರೆ ವಿನ್ನಿ, ಈ ಚಳಿಗಾಲಕ್ಕೆ ಎರಡು ಮನೆ..."

"ಗೊತ್ತು. ಬೇಸಿಗೆಯೆಲ್ಲ ಕಿಟಕಿ ತೆಗೆದಿಟ್ಟು ಅದನ್ನೇ ಹೇಳ್ಕೊಂಡು ಓಡಾಡ್ತಿದ್ಯಲ್ಲ, ನನಗೆ ಬಾಯಿಪಾಠ ಆಗಿದೆ." ವಿನ್ನಿ ಅವನ ಭುಜ ತಟ್ಟಿದಳು. "ಇವತ್ತು ಹೂಂ ಅನ್ನೋಣ ಅಂತಲೇ ಮನೆಯಿಂದ ಹೊರಟಿದ್ದೆ. ಆದ್ರೆ ಎಲ್ವಿನ್, ನನಗೆ ಓಟು ಹಾಕದೋರು ಒಂದು ಮನೆಗೆ ಒಬ್ರು ಸಾಕು. ಆ ಜಾಗಕ್ಕೆ ನಾನೇ ಇದೀನಿ."

ಹಾಗೆಂದವಳೇ ಹಿಂದಿನ ಸಾಲಿಗೆ ನಡೆದು, ಹೈರಮ್‌ನ ಪಕ್ಕದ ಕುರ್ಚಿ ಎಳೆದು ಕೂತಳು. ಬೀಜದ ತಟ್ಟೆ ಬರುವ ಮೊದಲೇ ಇಬ್ಬರ ಜಗಳ ಜೋರಾಗಿ ಶುರುವಾಗಿತ್ತು.